ಬೇರೆ ಹೆಡ್ಡಿನ ಬಸ್ಸು

ಸುಭಾಷಿಣಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅದಕ್ಕೇ ಎದುರಿನ ಅಂಗಡಿಯ ಫೋನಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು.

“ಬನ್ನಂಜೆ ಗ್ಯಾರೇಜಾ? ಕಾಪುವಿನ ಬಸ್ಸಿನ ರಾಮದಾಸರ ಮಗಳು ನಾನು. ರೇಡಿಯೇಟರಿನಲ್ಲಿ ನೀರು ಇಳೀತಾ ಉಂಟು ಅಂತ ಜನಾರ್ದನರಿಗೆ ಹೇಳಿ!”

ನೀರು ಒಂದು ಹನಿಯೂ ಇಳಿದಿರಲಿಲ್ಲ. ಇಳಿದಿದ್ದರೆ ಅವಳು ಇಷ್ಟು ಒದ್ದಾಡಬೇಕಿತ್ತೇ?

ಆಗಿದ್ದಿಷ್ಟು. ಕಾಪುವಿನಿಂದ ಉಡುಪಿ ಮೇಲೆ ಕಾರ್ಕಳಕ್ಕೆ ಓಡುತ್ತಿದ್ದ ಅಪ್ಪನ ಒಂದೇ ಒಂದು ಬಸ್ಸು, ಆರು ಸಿಲಿಂಡರಿನ ಹಳೆಯ ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಸೀಳಿ ಅಂಗಳದಲ್ಲಿ ಮಲಗಿತ್ತು. ಅಂಥ ಹೆಡ್ಡು ಈಗ ಎಲ್ಲಿಯೂ ಸಿಗದು ಎಂದು ಎಲ್ಲರೂ ಕೈಚೆಲ್ಲಿದಾಗ ಮೆಕ್ಯಾನಿಕ್ ಜನಾರ್ದನ ಬೇರೆ ಮಾಡೆಲಿನ ಹೆಡ್ಡೊಂದನ್ನು ತಂದ. ಬೋಲ್ಟುಗಳು ಕೂತವು; ನೀರು ಹರಿಯುವ ತೂತುಗಳು ಹೊಂದಲಿಲ್ಲ. ಬೇಡದವನ್ನು ಹಿತ್ತಾಳೆಯಲ್ಲಿ ಮುಚ್ಚಿ, ಬೇಕಾದಲ್ಲಿ ಹೊಸದಾಗಿ ಕೊರೆದು, ಅಂತೂ ಬಸ್ಸನ್ನು ಓಡಿಸಿಯೇಬಿಟ್ಟ.

ಅಷ್ಟೂ ದಿನ ಚಹಾ ಕೊಟ್ಟವಳು ಸುಭಾಷಿಣಿ. “ಕೈಯೆಲ್ಲ ಗ್ರೀಸು, ಅಲ್ಲೇ ಇಡಿ” ಎನ್ನುತ್ತಿದ್ದ ಅವನು. ಅವಳು ಇಡುತ್ತಿರಲಿಲ್ಲ, ಲೋಟ ಹಿಡಿದೇ ನಿಲ್ಲುತ್ತಿದ್ದಳು. ಆಗ ಅವನು ಕತ್ತೆತ್ತಿ ಒಮ್ಮೆ ನೋಡುತ್ತಿದ್ದ. ಆ ಒಂದು ನೋಟವನ್ನು ಅವಳು ದಿನವಿಡೀ ಮೆಲುಕು ಹಾಕುತ್ತಿದ್ದಳು.

ಹೋಗುವಾಗ ಹೇಳಿದ್ದಾದರೂ ಎಂತ? “ದಿನಾ ಬೆಳಿಗ್ಗೆ ನೀರು ನೋಡಿ. ಇಳಿದರೆ ತಿಳಿಸಿ.” ಅಷ್ಟೇ ಮಾರಾಯ್ರೆ! ಅವಳು ದಿನಾ ನೋಡಿದಳು. ಹಾಳು ನೀರು ಇಳಿಯಲೇ ಇಲ್ಲ.

ಫೋನು ಮಾಡಿದ ಮರುದಿನ, ಮೊದಲ ಟ್ರಿಪ್ಪಿಗೆ ಮುಂಚೆಯೇ ಜನಾರ್ದನ ಬಂದ. ಅಪ್ಪ ಸ್ನಾನಕ್ಕೆ ಹೋಗಿದ್ದರು. ಸುಭಾಷಿಣಿ ತಲೆ ತುಂಬ ಮಲ್ಲಿಗೆ ಮುಡಿದು ನಿಂತಿದ್ದಳು. ಪುಣ್ಯಾತ್ಮ ನೋಡಲೂ ಇಲ್ಲ, ಸೀದಾ ರೇಡಿಯೇಟರಿನ ಮುಚ್ಚಳ ತೆಗೆದ.

“ತುಂಬಿ ಉಂಟಲ್ಲ?”

“ಈಗಷ್ಟೇ ನಾನು ಹಾಕಿದ್ದು,” ಎಂದಳು. ಒಂದು ಸುಳ್ಳಿಗೆ ಇನ್ನೊಂದು.

ಅವನು ಆಯಿಲ್ ನೋಡಿದ. “ಆಯಿಲಿನಲ್ಲಿ ನೀರಿಲ್ಲ. ಹಾಗಾದರೆ ಹೆಡ್ಡಿನಿಂದ ಸಿಲಿಂಡರಿಗೇ ಹೋಗ್ತಾ ಉಂಟು.” ಮುಖ ಬಾಡಿತು. “ಬೇರೆ ಹೆಡ್ಡು ಬೇಡ ಅಂತ ಎಲ್ಲರೂ ಹೇಳಿದ್ದರು. ನನಗೇ ಅಹಂಕಾರ. ನಿಮ್ಮ ಅಪ್ಪನ ಅನ್ನಕ್ಕೆ ಕಲ್ಲು ಹಾಕಿದೆ.”

“ಅಯ್ಯೋ, ಹಾಗೆಲ್ಲ ಹೇಳ್ಬೇಡಿ.”

“ಈಗಲೇ ಬಿಚ್ಚುತ್ತೇನೆ. ಇನ್ನು ನನಗೆ ಈ ಕೆಲಸವೇ ಬೇಡ. ಬೊಂಬಾಯಿಯಲ್ಲಿ ಮಾವನ ಹೋಟೆಲು ಉಂಟು, ಅಲ್ಲಿಗೆ ಹೋಗ್ತೇನೆ.”

ಬೊಂಬಾಯಿ! ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮನುಷ್ಯನೇ ಹೋಗುತ್ತಾನೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಚಡಪಡಿಸಿದಳು. ಅವನು ಮೊದಲ ನಟ್ಟಿಗೆ ಸ್ಪ್ಯಾನರ್ ಇಟ್ಟಾಗಿತ್ತು.

“ಬಿಚ್ಚಬೇಡಿ! ನೀರು ಇಳಿಯಲೇ ಇಲ್ಲ.”

“ಎಂತ?”

“ನಾನು ಸುಳ್ಳು ಹೇಳಿದ್ದು. ಇಳಿಯದಿದ್ದರೆ ನೀವು ಬರುವುದಿಲ್ಲ, ಅಲ್ವಾ?”

ಅವನ ಮುಖ ಕೆಂಪಾಯಿತು. “ರಾತ್ರಿಯಿಡೀ ನಿದ್ದೆ ಇಲ್ಲ ನನಗೆ!”

“ಒಂದೇ ರಾತ್ರಿ ಅಲ್ವಾ? ನನಗೆ ಎಷ್ಟು ದಿನದಿಂದ ಇಲ್ಲ, ಕೇಳಿದ್ರಾ?”

ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿದ. ಚೀಲ ಹೆಗಲಿಗೇರಿಸಿ ಗೇಟಿನವರೆಗೂ ನಡೆದ. ಎಲ್ಲ ಮುಗಿಯಿತು ಎಂದುಕೊಂಡಳು ಸುಭಾಷಿಣಿ.

ಗೇಟಿನಲ್ಲಿ ತಿರುಗಿ ನಿಂತ. “ನಾಳೆ ಬರ್ತೇನೆ. ಅಪ್ಪನಿಗೆ ಮನೆಯಲ್ಲೇ ಇರ್ಲಿಕ್ಕೆ ಹೇಳಿ.”

ಅವಳು ಗೇಟಿಗೆ ಓಡಿದಳು. “ಅಪ್ಪನ ಹತ್ರ ಎಲ್ಲ ಹೇಳ್ತೀರಾ?”

“ನಾನು ಎಂತ ಹೇಳುವುದು? ಮಾತಾಡುವುದು ನನ್ನ ಅಮ್ಮ. ಹೆಣ್ಣು ಕೇಳ್ಲಿಕ್ಕೆ ಅವರೇ ಬರಬೇಕಲ್ವಾ?”