ಬೈಯಲು ಬಂದವನು

“ಏನ್ರೀ, ಕೈ ಹೀಗೆ ನಡುಗ್ತಿದೆ? ಮುಖಕ್ಕೆ ಬಣ್ಣ ಹಚ್ಚೋಕೆ ಬಂದಿದ್ದೀರೋ, ಗೋಡೆಗೆ ಸುಣ್ಣ ಬಳಿಯೋಕೋ?”

ಕನ್ನಡಿಯಲ್ಲಿ ಆ ತಣ್ಣನೆಯ ನೀಲಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಡೆಸ್ಮಂಡ್ ಥಾರ್ಲಿ! ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಅಮೆರಿಕವೇ ಬೈದುಕೊಂಡು ನೋಡುವ ಬ್ರಿಟಿಷ್ ತೀರ್ಪುಗಾರ. ಹಾಡಲು ಬಂದವರನ್ನು ಒಂದೇ ಮಾತಿನಲ್ಲಿ ಅಳಿಸಿ ಕಳಿಸುವವನು.

ಮ್ಯಾರೆನ್‌ಗೆ ಬರ್ಬ್ಯಾಂಕಿನ ಆ ಟೀವಿ ಸ್ಟುಡಿಯೋದಲ್ಲಿ ಅದು ಮೇಕಪ್ ಕೆಲಸದ ಮೊದಲ ದಿನ. ಆದರೂ ನಾಲಿಗೆ ಸುಮ್ಮನಿರಲಿಲ್ಲ.

“ಗೋಡೆ ಆಗಿದ್ರೆ ಚೆನ್ನಾಗಿತ್ತು ಸಾರ್. ಗೋಡೆ ಮಾತಾಡಲ್ಲ!”

‘ಮುಗೀತು... ಬಂದ ದಿನವೇ ಕೆಲಸ ಹೋಯ್ತು!’

ಅವನ ತುಟಿಯ ಕೊನೆ ಸಣ್ಣಗೆ ಅದುರಿತು. ನಗುವೇ? ತಕ್ಷಣ ಬಾಗಿಲ ಕಡೆ ಕಣ್ಣು ಹಾಯಿಸಿ, ಮುಖ ಗಂಟಿಕ್ಕಿಕೊಂಡ.

“ಹುಬ್ಬು ಇನ್ನೂ ಕಪ್ಪಗಿರಲಿ,” ಎಂದಳು ಒಳಬಂದ ನಿರ್ಮಾಪಕಿ ಕಾರ್ಲಾ. “ನೋಡಿದ್ರೆ ಭಯ ಆಗ್ಬೇಕು, ಗೊತ್ತಾಯ್ತಾ?”

ದಿನಾ ಅವನ ಹುಬ್ಬನ್ನು ದಪ್ಪ ಮಾಡುವುದು, ಕೆನ್ನೆಯ ಮೇಲೆ ನೆರಳು ಬರೆದು ಮುಖ ಬಿಗಿಯಾಗಿ ಕಾಣಿಸುವುದು... ಇದೇ ಅವಳ ಕೆಲಸವಾಯಿತು. ಆ ಬಣ್ಣದ ಕೆಳಗಿನ ಮುಖ ಬೇರೆಯದೇ ಎಂದು ಅವಳ ಬೆರಳಿಗೆ ಮೊದಲು ಗೊತ್ತಾಯಿತು. ಬಣ್ಣ ಹಚ್ಚುವ ಮುಂಚೆ ಅದು ಬಳಲಿದ, ಮೆತ್ತಗಿನ ಮುಖ.

“ಹೋಟೆಲಲ್ಲಿ ಒಬ್ಬರೇ ಊಟ ಮಾಡಿ ಬೇಜಾರಾಗಲ್ವಾ?” ಒಮ್ಮೆ ಕೇಳಿದಳು.

“ಹೊರಗೆ ಹೋದ್ರೆ ನಗಬಾರದು. ಒಪ್ಪಂದದಲ್ಲೇ ಇದೆ. ಹನ್ನೊಂದು ವರ್ಷ ಆಯ್ತು. ಜನ ನಾನು ನಕ್ಕಿದ್ದನ್ನ ನೋಡ್ಬಾರ್ದಂತೆ.”

“ಊರಿಗಾದ್ರೂ ಹೋಗಿ ಬನ್ನಿ.”

“ಗ್ರಿಮ್ಸ್‌ಬಿಗಾ? ಅಪ್ಪ ಮೀನು ಮಂಡಿಯಲ್ಲಿ ಕೂಗ್ತಿದ್ದವರು. ನಾನು ಇಲ್ಲಿ ದೊಡ್ಡ ಮನೆತನದವನ ಥರ ಮಾತಾಡ್ಬೇಕು. ಅಮ್ಮ ಟೀವೀಲಿ ನನ್ನ ನೋಡೋದೇ ಬಿಟ್ಟಿದ್ದಾಳೆ. ‘ಅವನು ಯಾರೋ’ ಅಂತಾಳಂತೆ.”

ಮ್ಯಾರೆನ್ ಬ್ರಷ್ ಕೆಳಗಿಟ್ಟಳು. ಪಂಜರ ಚಿನ್ನದ್ದಾದರೇನು...

ಅವನನ್ನು ನಗಿಸಲೆಂದೇ ಅವಳು ಟೊಲಿಡೋದಲ್ಲಿದ್ದ ತನ್ನ ಅಪ್ಪನ ಕಥೆ ಹೇಳಿದಳು.

“ಪಾರ್ಶ್ವವಾಯು ಬಡಿದ ಮೇಲೂ ಅಪ್ಪ ಹಾಡೋದು ಬಿಡ್ಲಿಲ್ಲ. ಶುರು ಮಾಡಿದ್ರೆ ಪಕ್ಕದ್ಮನೆ ನಾಯಿ ಎದ್ದು ಹೊರಟೇ ಹೋಗ್ತಿತ್ತು! ಆದ್ರೂ ಅಮ್ಮ, ‘ಇನ್ನೊಂದು ಹಾಡಿ’ ಅಂತಿದ್ಲು. ತೀರಿಹೋಗೋ ಹಿಂದಿನ ದಿನವೂ ಹಾಡಿದ್ರು...”

ಡೆಸ್ಮಂಡ್ ಜೋರಾಗಿ ನಕ್ಕ. ನಗುನಗುತ್ತಲೇ ಅವನ ಕಣ್ಣು ಒದ್ದೆಯಾಯಿತು. ಅವಳ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟ. ಅಷ್ಟೇ! ಆದರೆ ಅವಳ ಎದೆಬಡಿತ ಮಧ್ಯಾಹ್ನದವರೆಗೂ ಹತೋಟಿಗೆ ಬರಲಿಲ್ಲ.

ಅದೇ ಮಧ್ಯಾಹ್ನ ವೇದಿಕೆಗೆ ವೆಂಡೆಲ್ ಬಂದರು. ಶಾಲಾ ಬಸ್ಸಿನ ಚಾಲಕರು, ಅರವತ್ತು ದಾಟಿದವರು. ಹಾಡು ಮುಗಿಸಿ, ಟೋಪಿ ಕೈಯಲ್ಲಿ ಹಿಡಿದು ನಿಂತರು.

ಡೆಸ್ಮಂಡ್ ಮುಂದಕ್ಕೆ ಬಾಗಿದ.

“ವೆಂಡೆಲ್ ಅವರೇ, ನಿಮ್ಮ ಹಾಡು ಕೇಳಿದ್ರೆ ಪಕ್ಕದ ಮನೆಯ ನಾಯಿಯೂ ಎದ್ದು ಹೊರಟುಹೋಗುತ್ತೆ!”

ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಪರದೆಯ ಪಕ್ಕದಲ್ಲಿದ್ದ ಮ್ಯಾರೆನ್ ಕಲ್ಲಾದಳು. ‘ನನ್ನ ಅಪ್ಪನ ಮಾತು... ನಂಬಿ ಹೇಳಿದ್ದೆನಲ್ಲ! ಅದನ್ನೇ?’

ಕಾರ್ಯಕ್ರಮ ಮುಗಿದೊಡನೆ ಬ್ಯಾಗು ತೆಗೆದುಕೊಂಡು ಹೊರಗೆ ನಡೆದಳು. ತಿರುಗಿ ನೋಡಿದಾಗ ಗಾಜಿನ ಬಾಗಿಲಾಚೆ ಅವನಿದ್ದ. ಸುತ್ತ ಜನವೋ ಜನ. “ನನಗೂ ಒಂದು ಬೈಗುಳ, ಪ್ಲೀಸ್!” ಎಂದು ಫೋನು ಎತ್ತಿ ಹಿಡಿದಿದ್ದರು. ಅವನು ಅದೇ ತಣ್ಣನೆಯ ಮುಖ ಹೊತ್ತು ನಿಂತಿದ್ದ.

‘ಎಷ್ಟು ಹಾಯಾಗಿದ್ದಾನೆ...’ ಅಂದುಕೊಂಡಳು. ಅವನು ಜನರ ನಡುವಿನಿಂದ ಅವಳತ್ತ ಬರಲು ಪರದಾಡುತ್ತಿದ್ದುದು ಅವಳಿಗೆ ಕಾಣಲಿಲ್ಲ.

ಮತ್ತೆ ಆ ಸ್ಟುಡಿಯೋಗೆ ಅವಳು ಕಾಲಿಡಲಿಲ್ಲ. ಅವನ ಫೋನೂ ಎತ್ತಲಿಲ್ಲ.

ವಸಂತದಲ್ಲಿ ರೆಸೀಡಾದ ಒಂದು ಶಾಲೆಯ ನಾಟಕಕ್ಕೆ ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದಳು. ಹೊರಗೆ ಗಲಾಟೆ ಕೇಳಿಸಿತು.

“ಇಲ್ಲಿಗೂ ಬಂದ್ರಾ? ಮಕ್ಕಳಿಗೂ ಬೈತೀರಾ? ನಡೀರಿ ಹೊರಗೆ!” ತಾಯಿಯೊಬ್ಬಳು ಕೂಗುತ್ತಿದ್ದಳು.

“ಇಲ್ಲ ಮೇಡಂ. ಬೈಯೋ ಕೆಲಸ ಬಿಟ್ಟೆ,” ಎಂದ ಡೆಸ್ಮಂಡ್.

ಯಾರೂ ನಂಬಲಿಲ್ಲ. “ಊ...” ಎಂದು ಎಲ್ಲರೂ ಹೀಯಾಳಿಸಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಮ್ಯಾರೆನ್ ಅವನ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದಳು.

“ಯಾಕೆ ಬಂದ್ರಿ?”

“ಅವತ್ತು ನನ್ನ ಕಾಲರಿನ ಮೈಕು ಆನ್ ಆಗೇ ಇತ್ತು. ನೀವು ಹೇಳಿದ್ದನ್ನೆಲ್ಲಾ ಕಾರ್ಲಾ ಕೇಳಿಸ್ಕೊಂಡಿದ್ಲು. ತೀರ್ಪು ಹೇಳೋವಾಗ ನನ್ನ ಕಿವಿಯ ಇಯರ್‌ಫೋನಲ್ಲಿ ಅದನ್ನೇ ಹೇಳಿಕೊಟ್ಲು. ಬಾಯಿಂದ ಬಿದ್ದ ಮೇಲೆ ಗೊತ್ತಾಯ್ತು... ಯಾರ ಮಾತು ಅಂತ.”

“ಕಿವೀಲಿ ಹೇಳಿದ್ದನ್ನೆಲ್ಲಾ ಹೇಳ್ಲೇಬೇಕಾ? ಸುಮ್ಮನಿರಬಹುದಿತ್ತಲ್ಲ!” ಅವಳ ಧ್ವನಿ ಒಡೆಯಿತು.

“ಇರಬಹುದಿತ್ತು,” ಎಂದ. “ಮೊದಲ ದಿನದಿಂದಲೂ ಸುಮ್ಮನಿರಬಹುದಿತ್ತು. ನನ್ನನ್ನ ಕೂಡಿ ಬೀಗ ಹಾಕಿದ್ದು ಚಾನೆಲ್‌ನವರು ಅಂತ ಹೇಳ್ಕೊಂಡು ಬಂದೆ. ಒಳಗಡೆಯಿಂದ ನಾನೂ ಚಿಲಕ ಹಾಕ್ಕೊಂಡಿದ್ದೆ ಮ್ಯಾರೆನ್.”

ಅವಳು ಅವನ ತೋಳು ಬಿಟ್ಟಳು.

“ವೆಂಡೆಲ್ ಮನೆಗೂ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಬೈದ್ರು. ನನಗಿಂತ ಚೆನ್ನಾಗಿ ಬೈತಾರೆ.”

ಬೇಡವೆಂದರೂ ಅವಳಿಗೆ ನಗು ಬಂತು.

“ಈಗ ಕೆಲಸ?”

“ಇಲ್ಲ. ಒಪ್ಪಂದ ಮುರಿದಿದ್ದಕ್ಕೆ ಎರಡು ವರ್ಷ ಯಾವ ಚಾನೆಲ್ಲೂ ನನ್ನ ಸೇರಿಸ್ಕೊಳ್ಳೋ ಹಾಗಿಲ್ಲ. ಗುರುವಾರ ಊರಿಗೆ ಹೊರಟಿದ್ದೀನಿ. ಅಮ್ಮ ಬಾಗಿಲು ತೆಗೀತಾಳೋ ಇಲ್ವೋ...”

ಅವನ ಹುಬ್ಬಿಗೆ ಬಣ್ಣವಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು, ತಪ್ಪು ಮಾಡಿದ ಹುಡುಗನಂತೆ ನಿಂತಿದ್ದ.

“ನನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳಿ ನೋಡೋಣ,” ಎಂದಳು. “ನಿಮ್ಮ ಸ್ವಂತದ್ದು.”

ಅವನು ಬಾಯಿ ತೆರೆದ. ಮುಚ್ಚಿದ. ಕಿವಿ ಕೆಂಪಾಯಿತು.

“ನೀನು... ನೀನು ನಗೋವಾಗ ಮೂಗು ಸುಕ್ಕಾಗುತ್ತೆ. ಅದು... ಚೆನ್ನಾಗಿದೆ. ತುಂಬಾ.”

“ಅಷ್ಟೇನಾ?”

“ಅಭ್ಯಾಸ ಇಲ್ಲ ಕಣೇ! ಬೈಗುಳ ಆಗಿದ್ರೆ ಸಾಲಾಗಿ ಬರ್ತಿತ್ತು... ನಿನ್ನ ಪ್ರೀತಿಸ್ತೀನಿ. ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರ್ತಿಲ್ಲ.”

ಮ್ಯಾರೆನ್ ಬಣ್ಣ ಮೆತ್ತಿದ ತನ್ನ ಬೆರಳುಗಳಿಂದಲೇ ಅವನ ಕೆನ್ನೆ ಸವರಿದಳು. ಕೆನ್ನೆಗೆ ಹಸಿರು ಅಂಟಿತು.

“ಗುರುವಾರದ ವಿಮಾನ...” ಎಂದಳು ಮೆಲ್ಲಗೆ.

“ಬೇಡ ಅಂದ್ರೆ ಬಿಡ್ತೀನಿ. ಇಲ್ಲೇ ಇರ್ತೀನಿ.”

“ಛೆ, ಅಮ್ಮನ್ನ ನೋಡೋದು ಬಿಡ್ತಾರಾ? ಹೋಗ್ಲೇಬೇಕು.” ಅವಳು ಅವನ ಎದೆಗೆ ಹಣೆಯಿಟ್ಟಳು. “ಪಕ್ಕದ ಸೀಟು ಖಾಲಿ ಇದ್ಯಾ, ಕೇಳು.”