ಮರೆಯ ಹಿಂದಿನ ದಾಳ

"ತಪ್ಪಿಸ್ಕೊಂಡೆ ಆರ್ಡಿಸ್! ರಾಕ್ಷಸನ ಗದೆ ನಿನ್ನ ಕಿವಿ ಪಕ್ಕದಲ್ಲೇ ಹೋಯ್ತು!" ಎಂದು ಲೈಲ್ ಕೂಗಿದ.

ಕಾಫಿ ತರಲು ಎದ್ದಿದ್ದ ಆರ್ಡಿಸ್ ಆಗ ಅವನ ಬೆನ್ನ ಹಿಂದೆಯೇ ನಿಂತಿದ್ದಳು. ರಟ್ಟಿನ ಮರೆಯ ಹಿಂದೆ, ರಾಕ್ಷಸನ ಏಟಿಗೆಂದು ಅವನು ಉರುಳಿಸಿದ್ದ ಇಪ್ಪತ್ತು ಮುಖದ ದಾಳದ ಮೇಲೆ ಇಪ್ಪತ್ತು! ಇಪ್ಪತ್ತು ಬಿದ್ದ ಮೇಲೆ ಏಟು ತಪ್ಪುವುದುಂಟೇ?

ವಿಸ್ಕಾನ್ಸಿನ್ನಿನ ಆ ನೆಲಮಾಳಿಗೆಯಲ್ಲಿ, ಭಾನುವಾರ ಚರ್ಚು ಮುಗಿಸಿ ಬಂದ ಗೆಳೆಯರ ಕಥೆಯಾಟ ನಡೆಯುತ್ತಿದ್ದದ್ದು ನಂಬಿಕೆಯ ಮೇಲೆ. ಕಥೆ ನಡೆಸುವ ಲೈಲ್ ಮರೆಯ ಹಿಂದೆ ದಾಳ ಉರುಳಿಸುತ್ತಾನೆ, ಅವನು ಹೇಳಿದ್ದನ್ನು ಉಳಿದವರು ಒಪ್ಪುತ್ತಾರೆ.

"ಲೈಲ್... ಹಿಂದೇನೂ ಹೀಗೇ ಮಾಡಿದ್ದೀಯಾ?"

ಅವನ ಕಿವಿ ಕೆಂಪಾಯಿತು. ಅವಳಿಗೆ ಅಷ್ಟೇ ಸಾಕಾಯಿತು.

ಆ ಆಟದಲ್ಲಿ ಹೈಸ್ಕೂಲಿನಿಂದಲೂ ಅವಳು ವಹಿಸಿಕೊಂಡು ಬಂದ ಪಾತ್ರ, ವೀರೆ ಬ್ರುನ್ನಾ! ಕಚೇರಿಯಲ್ಲಿ ಯಾರೆದುರೂ ಬಾಯಿ ಬಿಡದ ಆರ್ಡಿಸ್‌ಗೆ ಆ ಬ್ರುನ್ನಾಳೇ ಧೈರ್ಯ. 'ಹಾಗಾದರೆ ಆ ಗೆಲುವುಗಳೆಲ್ಲ ಇವನು ಹಾಕಿದ ಭಿಕ್ಷೆಯೇ? ಛೇ!'

"ನನ್ನೇನು ಹಾಲು ಕುಡಿಯೋ ಮಗು ಅಂದ್ಕೊಂಡ್ಯಾ?" ಎಂದವಳು ಕೋಟು ಎಳೆದುಕೊಂಡು ಹೊರಟೇಬಿಟ್ಟಳು.

ಆಮೇಲೆ ಭಾನುವಾರ ಬಂದರೆ ಸಾಕು, ಲೈಲ್ ಅವಳ ಬಾಗಿಲಲ್ಲಿ ಹಾಜರು. ಕ್ಷಮೆ ಕೇಳಲು ಬಂದವನ ಬಾಯಲ್ಲಿ ಕ್ಷಮೆಯ ಮಾತೇ ಇಲ್ಲ. ಕೈಯಲ್ಲಿ ಮಾತ್ರ ಅವನಮ್ಮ ಬೇಯಿಸಿದ ಚೀಸ್ ಆಲೂಗಡ್ಡೆ!

ಹಿಮ ಕರಗುವ ಹೊತ್ತಿಗೆ ಆರ್ಡಿಸ್‌ಳ ತಾಳ್ಮೆ ಕೆಟ್ಟಿತು.

"ಸಾಕು ಮಾರಾಯ, ನಿನ್ನ ಆಲೂಗಡ್ಡೆ! ಒಳಗೆ ಬಾ. ಆ ರಾಕ್ಷಸನ ಏಟಿನ ದಾಳ ಮತ್ತೆ ಹಾಕು, ನನ್ನ ಕಣ್ಣೆದುರು. ಮರೆ ಗಿರೆ ಏನೂ ಬೇಡ."

"ಹತ್ತು ದಾಟಿದ್ರೆ ಬ್ರುನ್ನಾ ಉಳಿಯಲ್ಲ ಕಣೇ..."

"ಹಾಕು ಅಂದ್ನಲ್ಲ!"

ಅಡುಗೆಮನೆಯ ಮೇಜಿನ ಮೇಲೆ ದಾಳ ಉರುಳಿ ನಿಂತಿತು. ಹದಿನೇಳು. ಅವನ ಕೈ ತಾನಾಗಿಯೇ ಅದನ್ನು ಮುಚ್ಚಲು ಹೋಯಿತು.

"ಕೈ ತೆಗಿ, ಲೈಲ್. ಬಾಯ್ಬಿಟ್ಟು ಹೇಳು."

"ಏಟು ಬಿತ್ತು..." ಅವನ ದನಿ ಒಡೆಯಿತು. "ಬ್ರುನ್ನಾ ಸತ್ತಳು."

ಬ್ರುನ್ನಾ ಹೋದರೂ ಆರ್ಡಿಸ್‌ಳ ಎದೆ ಎಷ್ಟೋ ಹಗುರಾಯಿತು. ಕೊನೆಗೂ ಇವನು ನಿಜ ಹೇಳಿದ್ದ!

"ಇಷ್ಟು ವರ್ಷ ಯಾಕೋ ಸುಳ್ಳು ಹೇಳ್ದೆ?"

"ಅವಳು ಸತ್ರೆ ಮುಂದಿನ ಭಾನುವಾರ ನೀನು ಬರದೇ ಹೋದ್ರೆ ಅಂತ ಭಯ... ನಿನ್ನನ್ನ ಪ್ರೀತಿಸ್ತೀನಿ ಆರ್ಡಿಸ್. ಅದನ್ನ ಹೇಳೋ ಧೈರ್ಯ ಇರಲಿಲ್ಲ."

"ದಡ್ಡ! ನಾನು ಬರ್ತಿದ್ದಿದ್ದು ಬ್ರುನ್ನಾಗೋಸ್ಕರ ಅಂದ್ಕೊಂಡ್ಯಾ?" ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ಭಾನುವಾರ ಬರ್ತೀನಿ. ಹೊಸ ವೀರೆ ಹುಟ್ಬೇಕಲ್ಲ. ಆ ರಟ್ಟನ್ನ ಮಾತ್ರ ಒಲೆಗೆ ಹಾಕು."

"ಅವಳೂ ಸತ್ರೆ?"

"ಇಬ್ರೂ ಕೂತು ಅಳೋಣ. ಆಮೇಲೆ ನಿಮ್ಮಮ್ಮನ ಆಲೂಗಡ್ಡೆ ತಿನ್ನೋಣ."