ನಿಮ್ಮಿಷ್ಟ ಎಂಬ ಆಟ

ಐದು ಗಂಟೆಗೆ ಸಿಗೋಣ ಎಂದು ಇಬ್ಬರೂ ಒಪ್ಪಿದ್ದರು. ಎಲ್ಲಿ ಎಂಬುದನ್ನು ಮಾತ್ರ ಇಬ್ಬರೂ ಮತ್ತೊಬ್ಬರಿಗೆ ಬಿಟ್ಟಿದ್ದರು.

"ಎಲ್ಲಿ ಸಿಗೋಣ, ಮಾಸ್?" ಎಂದು ವೆನಿಂಗ್ ಕೇಳಿದ್ದಳು. ಮಾಸ್ ಎಂಬುದು ಅಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು.

"ನಿಮ್ಮಿಷ್ಟ," ಎಂದಿದ್ದ ಬಗಸ್ಕೊರೊ.

"ಅಯ್ಯೋ, ಇಲ್ಲ. ನಿಮ್ಮಿಷ್ಟ."

ಇವರ ಊರು ಜೋಗ್ಜಾದಲ್ಲಿ ಹುಟ್ಟಿ ಬೆಳೆದವರು ಇದಕ್ಕಿಂತ ಮುಂದೆ ಹೋಗುವುದಿಲ್ಲ. ನನಗೆ ಇಂಥದ್ದೇ ಬೇಕು ಎಂದು ಬಾಯಿಬಿಟ್ಟು ಹೇಳುವುದು ಒರಟರ ಲಕ್ಷಣ.

ಹಾಗಾಗಿ ಶನಿವಾರ ಸಂಜೆ ವೆನಿಂಗ್ ಅವನ ಮೆಚ್ಚಿನ ಜಾಗಕ್ಕೆ ಹೋದಳು. ರೈಲು ನಿಲ್ದಾಣದ ಪಕ್ಕದ ಕಾಫಿ ಗಾಡಿ. ಅಲ್ಲಿ ಲೋಟದ ಕಪ್ಪು ಕಾಫಿಗೆ ನಿಗಿನಿಗಿ ಕೆಂಡವನ್ನೇ ಇಳಿಬಿಡುತ್ತಾರೆ. ಆ ಕಾಫಿ ಅವಳಿಗೆ ಸೇರದು. ಆದರೂ ಚುಂಯ್ ಎನ್ನುವ ಸದ್ದು ಕೇಳಿದಾಗೆಲ್ಲ ಅವನು ಬಂದನೇನೋ ಎಂದು ತಿರುಗಿ ನೋಡಿದಳು. ಕೊನೆಗೆ ಫೋನ್ ಮಾಡಿದಳು.

"ಎಲ್ಲಿದ್ದೀರಿ, ಮಾಸ್?"

"ದಕ್ಷಿಣದ ಮೈದಾನದಲ್ಲಿ. ನಿಮಗಿಷ್ಟ ಅಂತ ಶುಂಠಿ ಕಷಾಯದ ಗಾಡಿ ಹತ್ತಿರ ನಿಂತಿದ್ದೀನಿ. ನೀವು?"

"ನಿಮ್ಮ ಕೆಂಡದ ಕಾಫಿ ಹತ್ತಿರ."

ಆ ಕಡೆ ಸ್ಕೂಟರಿನ ಕೀಲಿಕೈ ಗಲಗಲ ಎಂದಿತು.

"ಅಲ್ಲೇ ಇರಿ, ನಾನೇ ಬರ್ತೀನಿ."

"ಛೇ, ನೀವ್ಯಾಕೆ? ನಾನು ಬರ್ತೀನಿ, ನೀವು ಇರಿ."

ಇರಿ ಎಂದದ್ದು ಬರೀ ಉಪಚಾರಕ್ಕೆ ಎಂದು ಇಬ್ಬರೂ ತಿಳಿದರು. ಇಬ್ಬರೂ ಹೊರಟರು. ನಡುದಾರಿಯಲ್ಲಿ, ರಿಕ್ಷಾದಲ್ಲಿ ಕುಳಿತ ವೆನಿಂಗ್ ಎದುರಿನಿಂದ ಹಾದುಹೋದ ಅವನ ಸ್ಕೂಟರನ್ನು ಕಂಡಳು. ಹ್ಯಾಂಡಲಿಗೆ ತೂಗುಬಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಅವಳಿಗೆಂದು ಕಟ್ಟಿಸಿಕೊಂಡ ಶುಂಠಿ ಕಷಾಯ ಕುಲುಕುತ್ತಿತ್ತು. ಹೆಲ್ಮೆಟ್ಟಿನೊಳಗಿನ ಕಣ್ಣುಗಳು ಅವಳನ್ನು ಕಂಡು ಅಗಲವಾದವು. ಅಷ್ಟರಲ್ಲಿ ಜನಜಂಗುಳಿ ಅವನನ್ನು ಮುಂದಕ್ಕೆ ತಳ್ಳಿಕೊಂಡು ಹೋಯಿತು.

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಆದರೆ ಮಕಸ್ಸರ್‌ನ ಕಾಲೇಜೊಂದು ಅವಳನ್ನು ಪಾಠಕ್ಕೆ ಕರೆದಿತ್ತು. ಸಮುದ್ರ ದಾಟಿ ಹೋಗಬೇಕು. ಸೋಮವಾರ ಉತ್ತರ ಕೊಡಬೇಕು. ಹೋಗಲೋ ಬೇಡವೋ ಎಂದು ಅವನನ್ನು ಕೇಳಿದಾಗಲೂ ಬಂದ ಉತ್ತರ ಅದೇ: "ನಿಮ್ಮಿಷ್ಟ."

ಅವಳು ರಿಕ್ಷಾ ತಿರುಗಿಸಲಿಲ್ಲ. ತಲೆನೋವು ಎಂದು ಮೆಸೇಜ್ ಕಳಿಸಿ ಮನೆಗೆ ಹೋದಳು.

ಇಬ್ಬರೂ ಒಬ್ಬರೇ ಪ್ರೊಫೆಸರರ ಕೈಕೆಳಗೆ ಅರ್ಥಶಾಸ್ತ್ರದ ಮಕ್ಕಳಿಗೆ ಆಟದ ಸಿದ್ಧಾಂತ, ಅಂದರೆ ಎದುರಿನವರ ನಡೆ ಊಹಿಸಿ ತನ್ನ ನಡೆ ಆರಿಸುವ ಲೆಕ್ಕ, ಕಲಿಸುವವರು. ಹೋದ ವಾರ ಅವಳೇ ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ ಬರೆದಿದ್ದಳು. ಹುಡುಗಿಗೆ ತೊಗಲುಗೊಂಬೆಯಾಟ ಇಷ್ಟ, ಹುಡುಗನಿಗೆ ಫುಟ್‌ಬಾಲ್. ಎಲ್ಲಿಗೆ ಹೋದರೂ ಜೊತೆಗಿರಬೇಕು ಎಂಬುದೇ ಇಬ್ಬರ ಹಂಬಲ.

"ಇಬ್ಬರೂ ಬಿಟ್ಟುಕೊಟ್ಟರೆ, ಮ್ಯಾಮ್?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದಳು.

"ಇವನು ಗೊಂಬೆಯಾಟದಲ್ಲಿ, ಅವಳು ಮೈದಾನದಲ್ಲಿ. ಒಬ್ಬೊಬ್ಬರೇ."

ಕ್ಲಾಸು ನಕ್ಕಿತ್ತು. ಬೋರ್ಡ್ ಒರೆಸುತ್ತಿದ್ದ ಬಗಸ್ಕೊರೊ ತಿರುಗಿ ಅವಳನ್ನೇ ನೋಡಿದ್ದ. ನೋಟ ತಾಗಿದ ಕೂಡಲೇ, ಅಳಿಸಿದ ಜಾಗವನ್ನೇ ಮತ್ತೆ ಒರೆಸಿದ್ದ.

ಶನಿವಾರ ರಾತ್ರಿ ಅವಳೇ ಆ ಚೌಕದೊಳಗೆ ಸಿಕ್ಕಿಕೊಂಡಳು. ಪ್ರೀತಿ ಇಲ್ಲದವನು ನಿಮ್ಮಿಷ್ಟ ಎನ್ನುತ್ತಾನೆ. ಪ್ರೀತಿಸುವವನೂ ತಾನು ಅಡ್ಡಬರಬಾರದೆಂದು ನಿಮ್ಮಿಷ್ಟವೆನ್ನುತ್ತಾನೆ. ಇಬ್ಬರೂ ಆಡುವ ಮಾತು ಒಂದೇ ಆದರೆ, ಕೇಳುವವಳಿಗೆ ತಿಳಿಯುವುದಾದರೂ ಏನು? ಆಡಿದವನಿಗೆ ಏನಾದರೂ ನಷ್ಟವಾದರೆ ಮಾತ್ರ ಆ ಮಾತಿಗೆ ತೂಕ ಎಂದು ಕ್ಲಾಸಿನಲ್ಲಿ ವಿವರಿಸಿದವನು ಅವನೇ.

ಭಾನುವಾರ ಬೆಳಿಗ್ಗೆ ಅವನು ಮನೆಗೇ ಬಂದ. ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ಒದ್ದೆ ಕೂದಲು. ವೆನಿಂಗಳ ಅಮ್ಮ ಮಲ್ಲಿಗೆ ಚಹಾ ತಂದಿಟ್ಟು, ಎದುರು ಕೂತು, ಪಕ್ಕದ ಮನೆಯ ಮೇಕೆಯ ಕಥೆ ಶುರುಮಾಡಿದರು. ಕುಡಿಯಿರಿ ಎಂದು ಮನೆಯವರು ಹೇಳುವವರೆಗೆ ಅತಿಥಿ ಲೋಟ ಮುಟ್ಟುವಂತಿಲ್ಲ. ಬಗಸ್ಕೊರೊ ಇದರಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಒಮ್ಮೆ ಪ್ರೊಫೆಸರರು ಹೇಳಲು ಮರೆತಾಗ ಚಹಾ ಮುಟ್ಟದೆಯೇ ಎದ್ದು ಬಂದಿದ್ದ.

"ಆ ಮೇಕೆ ನೋಡಪ್ಪ, ನಮ್ಮ ಒಣಹಾಕಿದ ಬಟ್ಟೇನೇ..."

ಬಗಸ್ಕೊರೊ ಲೋಟ ಎತ್ತಿ ಗಟಗಟನೆ ಕುಡಿದುಬಿಟ್ಟ.

ಮೇಕೆ ಅಲ್ಲೇ ನಿಂತಿತು.

"ಮಾಸ್!" ವೆನಿಂಗ್ ಪಿಸುಗುಟ್ಟಿದಳು. "ಅಮ್ಮ ಇನ್ನೂ ಕುಡಿಯಿರಿ ಅಂದಿಲ್ಲ!"

"ಗೊತ್ತು." ಅವನ ಕಿವಿ ಕೆಂಪಾಗಿತ್ತು, ಗಂಟಲು ಸುಟ್ಟು ಕಣ್ಣಲ್ಲಿ ನೀರಾಡಿತ್ತು. "ಬೇಕಂತಲೇ ಕುಡಿದೆ. ಕ್ಷಮಿಸಿ, ಇಬು." ಅವನು ಅಮ್ಮನಿಗೆ ತಲೆಬಾಗಿದ. " ನನ್ನ ಮರ್ಯಾದೆ ಹೋದರೆ ತಾನೇ ಇವರು ನನ್ನ ಮಾತು ನಂಬೋದು? ವೆನಿಂಗ್, ನೀವು ಹೋಗೋದು ನನಗಿಷ್ಟ ಇಲ್ಲ. ಒಂಚೂರೂ ಇಲ್ಲ. ಇದು ನನ್ನಿಷ್ಟ. ಈಗ ನಿಮ್ಮದು ಹೇಳಿ. ನನ್ನದನ್ನ ಊಹಿಸಿ ಹೇಳಬೇಡಿ."

ವೆನಿಂಗಳಿಗೆ ಸಂತೋಷವೋ ಸಂಕಟವೋ ತಿಳಿಯಲಿಲ್ಲ. ಇಷ್ಟು ದಿನ ಅವನ ಮನಸ್ಸಿನ ಲೆಕ್ಕ ಹಾಕುವುದರಲ್ಲೇ ಚೌಕದಲ್ಲಿ ತನ್ನ ಮನೆ ಖಾಲಿ ಬಿಟ್ಟಿದ್ದಳು. ಬಾಯಿ ತೆರೆದಾಗ ಬಂದ ಮಾತಿಗೆ ಅವಳೇ ಬೆಚ್ಚಿದಳು.

"ನನಗೆ ಹೋಗಬೇಕು."

ಅವನು ತಲೆ ತಗ್ಗಿಸಿದ.

"ಪೂರ್ತಿ ಕೇಳಿ, ಮಾಸ್. ನನಗೆ ಹೋಗಬೇಕು. ಮತ್ತೆ... ನನಗೆ ನೀವೂ ಬೇಕು. ಅಲ್ಲಿ."

ಅವನು ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ.

"ಅಲ್ಲಿ ಕೆಂಡದ ಕಾಫಿ ಸಿಗುತ್ತಾ?"

"ಗೊತ್ತಿಲ್ಲ."

"ಶುಂಠಿ ಕಷಾಯ?"

"ಅದೂ ಗೊತ್ತಿಲ್ಲ."

"ಬರ್ತೀನಿ."

"ಮತ್ತೆ ಬಿಟ್ಟುಕೊಡ್ತಿದ್ದೀರಾ?"

"ಹೌದು," ಅವನು ನಕ್ಕ. "ಆದರೆ ಈ ಸಲ ಏನು ಬಿಟ್ಟುಕೊಡ್ತಿದ್ದೀನಿ ಅಂತ ಇಬ್ಬರಿಗೂ ಗೊತ್ತು. ಸರಿ, ನೀವು ಮೊದಲು ಹೋಗಿರಿ, ಈ ಸೆಮಿಸ್ಟರ್ ಮುಗಿಸಿ ನಾನು ಬರ್ತೀನಿ. ಎಲ್ಲಿ ಸಿಗೋಣ?"

ನಿಮ್ಮಿಷ್ಟ ಎಂಬುದು ನಾಲಿಗೆಯ ತುದಿಗೆ ಬಂತು. ವೆನಿಂಗ್ ತುಟಿ ಕಚ್ಚಿ ಅದನ್ನು ನುಂಗಿಕೊಂಡಳು.

"ಬಂದರಿನಲ್ಲಿ. ಹಡಗಿನ ಮೆಟ್ಟಿಲ ಕೆಳಗೆ ನಾನೇ ನಿಂತಿರ್ತೀನಿ. ನೀವು ನನ್ನನ್ನ ಹುಡುಕಿಕೊಂಡು ಬೇರೆಲ್ಲೂ ಹೋಗಕೂಡದು."

ಇಬ್ಬರನ್ನೂ ನೋಡುತ್ತ ಕುಳಿತಿದ್ದ ಅಮ್ಮನಿಗೆ ಆಗ ತಟ್ಟನೆ ನೆನಪಾಯಿತು. ಖಾಲಿ ಲೋಟದ ಕಡೆ ಕೈ ಚಾಚಿ, ಬಲು ಉಪಚಾರದಿಂದ ಹೇಳಿದರು:

"ಕುಡಿಯಪ್ಪ, ಕುಡಿ. ಸಂಕೋಚ ಮಾಡ್ಕೋಬೇಡ."